ವಸಡಿನಲ್ಲಿ ರಕ್ತ, ಊತ, ಅಲ್ಲಾಡುವ ಹಲ್ಲು: ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಕೈಪಿಡಿ

ವಸಡಿನ ಕಾಯಿಲೆ ಪತ್ತೆ ಮಾಡುವಾಗ ನೋವನ್ನು ನಂಬಬೇಡಿ. ಹಲ್ಲು ಹುಳುಕಾದರೆ ಒಂದಲ್ಲ ಒಂದು ದಿನ ನೋವು ಬಂದು ಎಬ್ಬಿಸುತ್ತದೆ. ವಸಡು ಹಾಗಲ್ಲ. ಹಲ್ಲಿನ ಸುತ್ತಲಿನ ಮೂಳೆ ಅರ್ಧಕ್ಕರ್ಧ ಕರಗಿದ ಮೇಲೂ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ಹಲ್ಲು ಅಲ್ಲಾಡಿದಾಗಲೋ ಕೀವು ಬಂದಾಗಲೋ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಹೋದ ಮೂಳೆ ಬಹುಮಟ್ಟಿಗೆ ಹೋದದ್ದೇ.

ಹಾಗಾಗಿ ಇಲ್ಲಿ ಎರಡು ವಿಷಯಗಳ ಬೆನ್ನು ಹತ್ತೋಣ. ಒಂದು, ರಕ್ತ ಬರುತ್ತಿದೆಯೇ? ಎರಡು, ಹಲ್ಲಿಗೂ ವಸಡಿಗೂ ನಡುವಿನ ಸಂದು ಎಷ್ಟು ಆಳ? ಮೊದಲನೆಯದನ್ನು ಕನ್ನಡಿ ಮುಂದೆ ನೀವೇ ನೋಡಬಹುದು. ಎರಡನೆಯದಕ್ಕೆ ದಂತವೈದ್ಯರ ಬಳಿ ಇರುವ ಮಿಲಿಮೀಟರ್ ಗೆರೆಗಳ ತೆಳ್ಳನೆ ಕಡ್ಡಿ ಬೇಕು. ಅದನ್ನು ಪ್ರೋಬ್ ಎನ್ನುತ್ತಾರೆ. ಕನ್ನಡಿಯಲ್ಲಿ ಎಷ್ಟೇ ನೋಡಿದರೂ ಆ ಕಡ್ಡಿಯ ಕೆಲಸ ಆಗುವುದಿಲ್ಲ.

ಓದುವ ಮೊದಲು: ಕಾಯಬಾರದ ಲಕ್ಷಣಗಳು

ಮುಖವೋ ಕತ್ತೋ ಊದಿಕೊಂಡು ಜ್ವರ ಬಂದಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಬಾಯಿ ತೆರೆಯಲು ಆಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸೋಂಕು ವಸಡು ದಾಟಿ ಹರಡುತ್ತಿದೆ ಎಂದು ಅರ್ಥ.

ಬ್ರಷ್ ಮುಟ್ಟದೆಯೇ ವಸಡಿನಿಂದ ರಕ್ತ ಸೋರುತ್ತಿದೆಯೇ? ಜೊತೆಗೆ ಏಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆ, ವಿಪರೀತ ಸುಸ್ತು, ಪದೇ ಪದೇ ಜ್ವರ ಇದೆಯೇ? ಹಾಗಿದ್ದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಪ್ಲೇಟ್‌ಲೆಟ್ ಕಡಿಮೆಯಾದಾಗ, ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗಳಲ್ಲಿ, ಮೊದಲ ಸುಳಿವು ವಸಡಿನಲ್ಲೇ ಸಿಗುವುದುಂಟು.

2 ವಾರವಾದರೂ ಮಾಯದ ಹುಣ್ಣು, ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಗಟ್ಟಿ ಗಂಟು ಇದ್ದರೂ ತೋರಿಸಲೇಬೇಕು. ತಂಬಾಕು ಬಳಸುವವರು ಇದರಲ್ಲಿ ಉದಾಸೀನ ಮಾಡಲೇಬಾರದು.

ಒಳಗೆ ನಡೆಯುವುದೇನು

ಹಲ್ಲುಜ್ಜಿದ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಮತ್ತೆ ಹಲ್ಲಿನ ಮೇಲೆ ಕೂರತೊಡಗುತ್ತವೆ. ಉಗುರಿನಿಂದ ಕೆರೆದರೆ ಬರುವ ಬಿಳಿಯ ಮೆತ್ತನೆ ಪದರ ಇದೆಯಲ್ಲ, ಅದೇ ಪ್ಲಾಕ್. ಈ ಹಂತದಲ್ಲಿ ಬ್ರಷ್ ಸಾಕು. ಹಾಗೇ ಬಿಟ್ಟರೆ ಎಂಜಲಿನ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅದರೊಳಗೆ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗುತ್ತದೆ. ಅದು ಕಿಟ್ಟ, ಅಂದರೆ ಟಾರ್ಟರ್. ಅದಕ್ಕೆ ಬ್ರಷ್ ಜಗ್ಗುವುದಿಲ್ಲ. ಕೆಳಗಿನ ಮುಂಹಲ್ಲುಗಳ ಒಳಬದಿ ಮತ್ತು ಮೇಲಿನ ದವಡೆ ಹಲ್ಲುಗಳ ಕೆನ್ನೆ ಬದಿಯಲ್ಲಿ ಇದು ಜಾಸ್ತಿ. ಎಂಜಲು ನಾಳಗಳು ಬಾಯಿಗೆ ತೆರೆದುಕೊಳ್ಳುವುದು ಅಲ್ಲೇ. ಮೇಲೆ ಕಾಣುವ ಕಿಟ್ಟ ಹಳದಿ ಮಿಶ್ರಿತ ಬಿಳಿ. ವಸಡಿನ ಅಡಿಯಲ್ಲಿ ಕೂತದ್ದು ಕಂದು ಅಥವಾ ಕಪ್ಪು, ಇನ್ನೂ ಬಿಗಿ.

ಮೂಳೆಯನ್ನು ಬ್ಯಾಕ್ಟೀರಿಯಾ ತಿಂದುಹಾಕುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಜಕ್ಕೂ ಹೆಚ್ಚಿನ ಹಾನಿ ಮಾಡುವುದು ನಮ್ಮ ದೇಹದ್ದೇ ಪ್ರತಿರೋಧ. ಹೋಗದೆ ಕೂತ ಪ್ಲಾಕ್ ವಿರುದ್ಧ ದೇಹ ಬಿಡದೆ ಹೋರಾಡುತ್ತದೆ. ಆ ಉರಿಯೂತದಲ್ಲಿ ಹಲ್ಲನ್ನು ಹಿಡಿದಿಟ್ಟ ನಾರುಗಳೂ ಮೂಳೆಯೂ ಕರಗುತ್ತವೆ. ಹಾಗಾಗಿಯೇ ಒಬ್ಬರಿಗೆ ಬಾಯಿ ತುಂಬಾ ಕಿಟ್ಟ ಇದ್ದರೂ ಹಲ್ಲು ಗಟ್ಟಿ. ಇನ್ನೊಬ್ಬರಿಗೆ ಸ್ವಲ್ಪವೇ ಇದ್ದರೂ ಮೂಳೆ ಬೇಗ ಇಳಿಯುತ್ತದೆ. ವಂಶ, ತಂಬಾಕು, ಸಕ್ಕರೆ ಕಾಯಿಲೆ ಈ ವ್ಯತ್ಯಾಸದ ಹಿಂದಿವೆ.

ಈ ಕಾಯಿಲೆಗೆ ಎರಡು ಹಂತ. ಉರಿಯೂತ ವಸಡಿನಲ್ಲಷ್ಟೇ ಇದ್ದರೆ ಜಿಂಜಿವೈಟಿಸ್. ಇದು ಪೂರ್ತಿ ವಾಸಿಯಾಗುತ್ತದೆ. ಮೂಳೆಗೆ ಇಳಿದರೆ ಪೆರಿಯೋಡಾಂಟೈಟಿಸ್. ಹಳಬರ ಬಾಯಲ್ಲಿ ಪಯೋರಿಯಾ. ಇದನ್ನು ತಡೆದು ನಿಲ್ಲಿಸಬಹುದು, ಆದರೆ ಹಿಂದಿನಂತೆ ಮಾಡುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ತೀವ್ರ ಸ್ವರೂಪದ ವಸಡಿನ ಕಾಯಿಲೆ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಿಗಿದೆ. ಅಪರೂಪದ್ದೇನಲ್ಲ.

ಲಕ್ಷಣ: ಬ್ರಷ್ ಮಾಡುವಾಗ ರಕ್ತ

ರಕ್ತ ಕಂಡ ಕೂಡಲೇ ಜನ ಆ ಜಾಗಕ್ಕೆ ಬ್ರಷ್ ಹಾಕುವುದನ್ನೇ ಬಿಡುತ್ತಾರೆ. ಇದು ಸರಿಯಾಗಿ ಉಲ್ಟಾ ಕೆಲಸ. ಬ್ರಷ್ ಬಿಟ್ಟರೆ ಪ್ಲಾಕ್ ಜಾಸ್ತಿಯಾಗುತ್ತದೆ, ಊತ ಏರುತ್ತದೆ, ರಕ್ತವೂ ಜಾಸ್ತಿಯಾಗುತ್ತದೆ.

ಇದಕ್ಕೆ ಒಳ್ಳೆಯ ಪುರಾವೆ ಹಳೆಯದೇ ಇದೆ. ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ವಸಡು ಚೆನ್ನಾಗಿದ್ದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ಬಿತ್ತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. 1965ರಲ್ಲಿ ಪ್ರಕಟವಾದ ಈ ಪ್ರಯೋಗವೇ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗೂ ಆಧಾರ. ಅವರು ನಿಲ್ಲಿಸಿ ನೋಡಿದರು, ನೀವು ಸರಿಯಾಗಿ ಮಾಡಿ ನೋಡಿ.

2 ವಾರ ಹೀಗೆ ಮಾಡಿ. ಮೆತ್ತನೆಯ ಎಳೆಗಳ ಬ್ರಷ್ ತಗೊಳ್ಳಿ. ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಇದ್ದ ಜಾಗದಲ್ಲೇ ಚಿಕ್ಕದಾಗಿ ಅಲ್ಲಾಡಿಸಿ. ದಿನಕ್ಕೆ 2 ಸಲ, ಪ್ರತಿ ಸಲ 2 ನಿಮಿಷ. ದಿನಕ್ಕೊಮ್ಮೆ ಹಲ್ಲುಗಳ ನಡುವೆ ಸ್ವಚ್ಛ ಮಾಡಬೇಕು. ಇದನ್ನೇ ಎಲ್ಲರೂ ಬಿಡುವುದು. ಸಂದು ಇದ್ದ ಕಡೆ ಇಂಟರ್‌ಡೆಂಟಲ್ ಬ್ರಷ್ (ಹಲ್ಲುಗಳ ನಡುವೆ ತೂರಿಸುವ ಚಿಕ್ಕ ಬ್ರಷ್), ತೀರಾ ಬಿಗಿ ಇದ್ದ ಕಡೆ ಫ್ಲಾಸ್ (ಹಲ್ಲುಗಳ ನಡುವೆ ಎಳೆಯುವ ತೆಳು ದಾರ). ನನ್ನನ್ನು ಕೇಳಿದರೆ, ಚಿಕ್ಕ ಬ್ರಷ್ ಹೋಗುವ ಕಡೆ ಫ್ಲಾಸ್ ಗೋಜಿಗೆ ಹೋಗಬೇಡಿ. ಆ ಬ್ರಷ್ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ, ಬಳಸಲೂ ಸುಲಭ. ಮೊದಲ ಕೆಲವು ದಿನ ರಕ್ತ ಬರಬಹುದು, ಹೆದರಬೇಡಿ. ಒಂದು ವಾರ ಕಳೆಯುವ ಹೊತ್ತಿಗೆ ಕಡಿಮೆಯಾಗತೊಡಗಬೇಕು.

ಈಗ ಫಲಿತಾಂಶ ನೋಡಿ. ರಕ್ತ ಪೂರ್ತಿ ನಿಂತರೆ ಬಹುಶಃ ಬರೀ ಜಿಂಜಿವೈಟಿಸ್. ಕಿಟ್ಟ ಕಣ್ಣಿಗೆ ಕಾಣುತ್ತಿದ್ದರೆ ಆದರೂ ಕ್ಲೀನಿಂಗ್ ಬೇಕು.

ಬಾಯಿಯ ಬೇರೆಲ್ಲ ಕಡೆ ನಿಂತು ಒಂದೇ ಜಾಗದಲ್ಲಿ ಉಳಿದರೆ ಅಲ್ಲೇ ಏನೋ ಇದೆ. ಅಂಚು ಹೊರಚಾಚಿದ ಫಿಲ್ಲಿಂಗ್, ಸರಿಯಾಗಿ ಕೂರದ ಕ್ಯಾಪ್, ಬೇರಿನ ಬಳಿಯ ಹುಳುಕು, ಪ್ರತಿ ಊಟಕ್ಕೂ ಆಹಾರ ಸಿಕ್ಕಿಕೊಳ್ಳುವ ಸಂದು, ಬಿರುಕು ಬಿಟ್ಟ ಹಲ್ಲು. ಇಂಥ ಜಾಗವನ್ನು ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ. ಮೂಲ ಸರಿಪಡಿಸಬೇಕು.

ಎಲ್ಲ ಕಡೆ ಹಾಗೇ ಮುಂದುವರಿದರೆ ಮೂರು ದಾರಿ ಹುಡುಕಿ. ವಸಡಿನ ಅಡಿಯಲ್ಲಿ ಕಿಟ್ಟ ಕೂತಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ರಕ್ತವನ್ನು ಜಾಸ್ತಿ ಮಾಡುತ್ತಿರಬಹುದು. ಅಥವಾ ದೇಹದಲ್ಲಿ ಬೇರೆ ಕಾರಣ ಇರಬಹುದು, ಉದಾಹರಣೆಗೆ ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ ಅಥವಾ ವಿಟಮಿನ್ ಸಿ ಕೊರತೆ. ಇದರಲ್ಲಿ ಮೊದಲನೆಯದೇ ತುಂಬಾ ಸಾಮಾನ್ಯ. ವಿಟಮಿನ್ ಮಾತ್ರೆ ನುಂಗಿ ವಸಡು ವಾಸಿ ಮಾಡಿಕೊಳ್ಳುತ್ತೇನೆ ಅನ್ನುವವರು ಹೆಚ್ಚಾಗಿ ಸುಮ್ನೆ ಕಾಲ ಕಳೆಯುತ್ತಾರೆ.

ಒಂದು ಎಚ್ಚರಿಕೆ. ಹೊರಗಿನ ಅಂಚು ವಾಸಿಯಾಗಿ ರಕ್ತ ನಿಂತಂತೆ ಕಂಡರೂ ಆಳದ ಪಾಕೆಟ್‌ನ (ಹಲ್ಲಿಗೂ ವಸಡಿಗೂ ನಡುವಿನ ಸಂದು ಆಳವಾಗಿ ಆದ ಚೀಲದ) ತಳದಲ್ಲಿ ಕಾಯಿಲೆ ಉಳಿದಿರಬಹುದು. 2 ವಾರದ ಪರೀಕ್ಷೆ ಸುಳಿವು ಕೊಡುತ್ತದೆ, ಅಷ್ಟೇ. ಮೊದಲೇ ಹಲ್ಲುಗಳ ನಡುವಿನ ಸಂದು ಅಗಲವಾಗಿದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ ಈ ಪರೀಕ್ಷೆಯನ್ನು ಬಿಟ್ಟು ನೇರ ಅಳತೆಗೆ ಹೋಗಿ.

ಲಕ್ಷಣ: ರಕ್ತ ಇಲ್ಲ, ಆದರೆ ಸಿಗರೇಟ್ ಇದೆ

ಇದು ಮೋಸ ಮಾಡುವ ಜಾಗ. ಧೂಮಪಾನ ವಸಡಿನ ರಕ್ತಸ್ರಾವವನ್ನು ಮುಚ್ಚಿಡುತ್ತದೆ. ವಸಡು ಮಾಸಲು ಬಣ್ಣದ್ದಾಗಿ ಗಟ್ಟಿಯಾಗಿ ಕಾಣುತ್ತದೆ, ಊತವೂ ಕಡಿಮೆ. ಒಳಗೆ ಮಾತ್ರ ಮೂಳೆ ಬೇರೆಯವರಿಗಿಂತ ಬೇಗ ಇಳಿಯುತ್ತಿರುತ್ತದೆ. ಸಿಗರೇಟ್ ಬಿಟ್ಟ ಮೇಲೆ ವಸಡಿನಲ್ಲಿ ರಕ್ತ ಬರಲು ಶುರುವಾದರೆ ಬಿಟ್ಟದ್ದೇ ತಪ್ಪಾಯಿತು ಅಂದುಕೊಳ್ಳಬೇಡಿ. ಮುಚ್ಚಿದ್ದು ತೆರೆದುಕೊಂಡಿದೆ. ಧೂಮಪಾನಿಗಳು ರಕ್ತಕ್ಕಾಗಿ ಕಾಯದೆ ವರ್ಷಕ್ಕೊಮ್ಮೆಯಾದರೂ ಅಳತೆ ಮಾಡಿಸಬೇಕು.

ಲಕ್ಷಣ: ವಸಡು ಊದಿದೆ, ಬೆಳೆದಿದೆ

ಮೊದಲು ಔಷಧಿ ಪಟ್ಟಿ ನೋಡಿ. ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್ ಮತ್ತು ಆಮ್ಲೋಡಿಪಿನ್, ಅಂಗ ಕಸಿಯ ನಂತರ ಕೊಡುವ ಸೈಕ್ಲೋಸ್ಪೋರಿನ್ ಕೆಲವರಲ್ಲಿ ವಸಡನ್ನು ಬೆಳೆಸುತ್ತವೆ. ಹಲ್ಲಿನ ಅರ್ಧ ಮುಚ್ಚುವಷ್ಟು ಬೆಳೆದದ್ದೂ ಇದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ ಹೇಳಿದರೆ ಎಷ್ಟೋ ಸಲ ಬದಲಿ ಸಿಗುತ್ತದೆ. ಪ್ಲಾಕ್ ಕಡಿಮೆ ಇಟ್ಟುಕೊಂಡರೆ ಈ ಬೆಳವಣಿಗೆಯೂ ಕಡಿಮೆ ಇರುತ್ತದೆ.

ಬಸುರಿಯರಲ್ಲಿ ಹಾರ್ಮೋನ್‌ಗಳಿಂದ ವಸಡು ಬೇಗ ಊದುತ್ತದೆ. ಒಂದೊಂದು ಸಲ ಕೆಂಪು ಗುಳ್ಳೆಯಂತೆ ಒಂದು ಕಡೆ ಬೆಳೆಯುತ್ತದೆ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಬಸಿರಿನಲ್ಲಿ ಹಲ್ಲು ಕ್ಲೀನಿಂಗ್ ಮಾಡಿಸಬಾರದು ಅನ್ನುವುದು ಬರೀ ಮಾತು. ಮಾಡಿಸಬಹುದು. 4ರಿಂದ 6ನೇ ತಿಂಗಳು ಕೂರಲು ಆರಾಮ.

ಬಾಯಿಯ ತೀರಾ ಹಿಂದೆ, ಅರ್ಧ ಮೂಡಿದ ಬುದ್ಧಿ ಹಲ್ಲಿನ ಮೇಲಿನ ವಸಡು ಮಾತ್ರ ಊದಿ ನೋಯುತ್ತಿದ್ದರೆ ಅದು ಬೇರೆಯೇ ಸಮಸ್ಯೆ. ಆ ಮಡಿಕೆಯಡಿ ಆಹಾರ ಸಿಕ್ಕಿ ಸೋಂಕಾಗಿದೆ. ಕ್ಲೀನ್ ಮಾಡಿಸಿ, ಮತ್ತೆ ಮತ್ತೆ ಬಂದರೆ ಹಲ್ಲು ತೆಗೆಸಿ.

ಲಕ್ಷಣ: ನೋವು ಇದೆ

ಮಾಮೂಲಿ ವಸಡಿನ ಕಾಯಿಲೆ ನೋಯುವುದಿಲ್ಲ ಅಂದೆನಲ್ಲ. ನೋವಿದ್ದರೆ ಹಾಗಾದರೆ ಬೇರೆ ಏನೋ ಸೇರಿದೆ.

ಹಲ್ಲುಗಳ ನಡುವಿನ ವಸಡಿನ ತುದಿ ಕೊರೆದಂತಾಗಿ, ಬೂದು ಪೊರೆ ಕಟ್ಟಿ, ವಿಪರೀತ ನೋವು ಮತ್ತು ಕೆಟ್ಟ ವಾಸನೆ ಇದ್ದರೆ ಅದು ವಸಡು ಕೊಳೆಯುವ ತೀವ್ರ ಸೋಂಕು. ನಿದ್ದೆಗೆಟ್ಟು ಒತ್ತಡದಲ್ಲಿರುವವರು, ಧೂಮಪಾನಿಗಳು, ಸರಿಯಾಗಿ ಊಟ ಇಲ್ಲದವರು, ರೋಗನಿರೋಧಕ ಶಕ್ತಿ ಕುಂದಿದವರು ಇದಕ್ಕೆ ತುತ್ತಾಗುತ್ತಾರೆ. ಒಂದೆರಡು ದಿನದಲ್ಲೇ ತೋರಿಸಬೇಕು. ಸರಿಯಾದ ಚಿಕಿತ್ಸೆ ಕೊಟ್ಟರೆ ನೋವು ಬೇಗ ಇಳಿಯುತ್ತದೆ.

ಒಂದು ಹಲ್ಲಿನ ಬಳಿ ಉಬ್ಬು, ಒತ್ತಿದರೆ ಕೀವು ಬರುತ್ತಿದ್ದರೆ ಅದರ ಮೂಲ ಎರಡು ಕಡೆ ಇರಬಹುದು. ವಸಡಿನ ಪಾಕೆಟ್‌ನಲ್ಲಿ, ಅಥವಾ ಸತ್ತ ಹಲ್ಲಿನ ಬೇರಿನ ತುದಿಯಲ್ಲಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ದಂತವೈದ್ಯರು ಹಲ್ಲಿಗೆ ತಣ್ಣನೆಯದು ಮುಟ್ಟಿಸಿ ನೋಡುತ್ತಾರೆ. ಜುಂ ಅಂದರೆ ಒಳಗಿನ ನರ ಜೀವಂತ, ಆಗ ಅನುಮಾನ ವಸಡಿನ ಕಡೆಗೆ. ಏನೂ ಅನಿಸದಿದ್ದರೆ ಬೇರಿನ ಕಡೆಗೆ. ಇದನ್ನು ತಪ್ಪಾಗಿ ಓದಿದರೆ ಚಿಕಿತ್ಸೆಯೇ ತಪ್ಪುತ್ತದೆ. ರೂಟ್ ಕೆನಾಲ್ ಬೇಕಾದ ಹಲ್ಲಿನ ಸುತ್ತ ಎಷ್ಟು ಕೆರೆದರೂ ಕೀವು ನಿಲ್ಲುವುದಿಲ್ಲ. ಕೆಲವು ಹಲ್ಲುಗಳಲ್ಲಿ ಎರಡೂ ಸೇರಿರುತ್ತವೆ, ಅವು ನಿಜಕ್ಕೂ ತಲೆನೋವು.

ಲಕ್ಷಣ: ವಸಡು ಇಳಿದು ಹಲ್ಲು ಉದ್ದ ಕಾಣುತ್ತಿದೆ

ವಸಡು ಗುಲಾಬಿಯಾಗಿ ಗಟ್ಟಿಯಾಗಿದೆ, ಇಳಿದದ್ದು ಕೋರೆಹಲ್ಲು ಮತ್ತು ಅದರ ಪಕ್ಕದ ಹಲ್ಲುಗಳ ಹೊರಬದಿಯಲ್ಲಿ ಮಾತ್ರ, ಬೇರಿನ ಬಳಿ ಗೀರು ಬಿದ್ದಿದೆ ಎಂದಾದರೆ ಒರಟಾಗಿ ಉಜ್ಜುವುದೇ ಕಾರಣ ಇರಬಹುದು. ಬ್ರಷ್‌ನ ಎಳೆಗಳು ಒಂದೆರಡು ತಿಂಗಳಲ್ಲೇ ಹೊರಗೆ ಬಾಗುತ್ತಿದ್ದರೆ ಅನುಮಾನ ಗಟ್ಟಿ. ಹಲ್ಲುಗಳ ನಡುವೆಯೂ ವಸಡು ಇಳಿದು ಕಪ್ಪು ತ್ರಿಕೋನಗಳು ಕಾಣುತ್ತಿದ್ದರೆ ಅದು ಮೂಳೆ ಇಳಿದಿರುವ ಸೂಚನೆ.

ಲಕ್ಷಣ: ಹಲ್ಲು ಅಲ್ಲಾಡುತ್ತಿದೆ, ಹೊಸ ಸಂದು ಬಂದಿದೆ

ಮುಂದಿನ ಹಲ್ಲುಗಳ ನಡುವೆ ಮೊದಲು ಇಲ್ಲದ ಸಂದು ಬಂದಿದ್ದರೆ ಹಳೆಯ ಫೋಟೋ ತೆಗೆದು ಹೋಲಿಸಿ. ಇದಕ್ಕಿಂತ ಸುಲಭದ ಪುರಾವೆ ಇನ್ನೊಂದಿಲ್ಲ. ಮೂಳೆ ಆಸರೆ ಕಡಿಮೆಯಾದಾಗ ಹಲ್ಲು ಹೊರಗೆ ಚಾಚಿಕೊಳ್ಳುತ್ತದೆ. ಹಲ್ಲು ಕಡಿಯುವ ಅಭ್ಯಾಸ, ಕಚ್ಚುವಾಗ ಒಂದೇ ಹಲ್ಲಿನ ಮೇಲೆ ಬೀಳುವ ಭಾರ, ಬಿದ್ದ ಏಟು, ಇವೂ ಅಲ್ಲಾಡಿಸುತ್ತವೆ. ಅಲ್ಲಾಡುತ್ತಿದೆಯೆಂದು ನಾಲಿಗೆಯಿಂದ, ಬೆರಳಿನಿಂದ ದಿನವಿಡೀ ತಳ್ಳಿ ನೋಡಬೇಡಿ. ಅಲ್ಲಾಡುವ ಹಲ್ಲೆಲ್ಲ ಕೀಳಲೇಬೇಕು ಅಂತಲೂ ಇಲ್ಲ. ಉರಿಯೂತ ಇಳಿದಾಗ ಎಷ್ಟೋ ಹಲ್ಲು ಮತ್ತೆ ಬಿಗಿಯಾಗುತ್ತವೆ. ಮೇಲೆ ಕೆಳಗೂ ಅಲ್ಲಾಡುವ ಹಂತ ತಲುಪಿದರೆ ಉಳಿಸುವುದು ಕಷ್ಟ.

ಬಾಯಿ ವಾಸನೆ ಒಂದೇ ಇದ್ದರೆ ಮೊದಲು ನಾಲಿಗೆಯ ಹಿಂಭಾಗ ಸ್ವಚ್ಛ ಮಾಡಿ ನೋಡಿ. ರಕ್ತವೂ ಇದ್ದರೆ ಮೇಲಿನ ದಾರಿ ಹಿಡಿಯಿರಿ.

ಅಳತೆ: ಆ ಅಂಕಿಗಳನ್ನು ಓದುವುದು ಹೇಗೆ

ಸರಿಯಾದ ತಪಾಸಣೆಯಲ್ಲಿ ಪ್ರತಿ ಹಲ್ಲಿನ ಸುತ್ತ 6 ಜಾಗ ಅಳೆಯುತ್ತಾರೆ. 28 ಹಲ್ಲಿದ್ದರೆ 168 ಅಂಕಿ. ದಂತವೈದ್ಯರು "3, 2, 3" ಅಂತ ಹೇಳುತ್ತಾ ಸಹಾಯಕರಿಂದ ಬರೆಸುವುದು ಇದನ್ನೇ. 1ರಿಂದ 3 ಮಿಲಿಮೀಟರ್, ರಕ್ತ ಇಲ್ಲ ಎಂದರೆ ಚೆನ್ನಾಗಿದೆ. 4 ಬಂದು ರಕ್ತವೂ ಬಂದರೆ ಗಮನ ಬೇಕು. 5, 6 ಮತ್ತು ಮೇಲೆ ಹೋದರೆ ಬ್ರಷ್ ಅಲ್ಲಿಗೆ ತಲುಪುವ ಮಾತೇ ಇಲ್ಲ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ವಸಡು ಊದಿ ಮೇಲೆದ್ದಿದ್ದರೆ ಮೂಳೆ ಕರಗದೆಯೂ ಅಳತೆ ಜಾಸ್ತಿ ಬರುತ್ತದೆ. ವಸಡು ಇಳಿದಿದ್ದರೆ ಮೂಳೆ ಹೋಗಿದ್ದರೂ ಅಳತೆ ಕಡಿಮೆ ಬರುತ್ತದೆ. ಹಾಗಾಗಿ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ ಮುಗಿಯುವ ಗೆರೆಯಿಂದಲೂ ಲೆಕ್ಕ ಹಾಕುತ್ತಾರೆ, ಎಕ್ಸ್‌ರೇ ತೆಗೆಯುತ್ತಾರೆ. ಆರೋಗ್ಯವಾಗಿದ್ದರೆ ಮೂಳೆಯ ಅಂಚು ಆ ಗೆರೆಗಿಂತ 1ರಿಂದ 2 ಮಿಲಿಮೀಟರ್ ಕೆಳಗಿರುತ್ತದೆ.

2018ರಲ್ಲಿ ಬಂದ ವರ್ಗೀಕರಣದಲ್ಲಿ ಕಾಯಿಲೆ ಎಷ್ಟು ಮುಂದುವರಿದಿದೆ ಎನ್ನುವುದಕ್ಕೆ 1ರಿಂದ 4ರವರೆಗೆ ಹಂತ, ಎಷ್ಟು ವೇಗವಾಗಿ ಸಾಗುತ್ತಿದೆ ಎನ್ನುವುದಕ್ಕೆ ಎ, ಬಿ, ಸಿ ಗ್ರೇಡ್. ದಿನಕ್ಕೆ 10 ಅಥವಾ ಹೆಚ್ಚು ಸಿಗರೇಟ್ ಸೇದುವವರು, ಸಕ್ಕರೆ ಕಾಯಿಲೆಯಿದ್ದು ಎಚ್‌ಬಿಎ1ಸಿ (ಕಳೆದ 2, 3 ತಿಂಗಳ ರಕ್ತದ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆ) ಶೇಕಡಾ 7 ಅಥವಾ ಅದಕ್ಕಿಂತ ಜಾಸ್ತಿ ಇರುವವರು ನೇರ ಸಿ ಗ್ರೇಡ್‌ಗೆ ಹೋಗುತ್ತಾರೆ. ನಿಮ್ಮ ಅಳತೆ ಪಟ್ಟಿಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಮುಂದಿನ ಸಲ ಹೋಲಿಸಲು ಬೇಕು. ಅಳತೆಯೇ ಮಾಡದೆ "ವಸಡು ವೀಕ್ ಇದೆ" ಎಂದು ದುಬಾರಿ ಚಿಕಿತ್ಸೆ ಹೇಳಿದರೆ ಅಳತೆ ಮಾಡಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಚಿಕಿತ್ಸೆ

ಜಿಂಜಿವೈಟಿಸ್‌ಗೆ ಸ್ಕೇಲಿಂಗ್ (ಕಿಟ್ಟ ತೆಗೆಯುವ ಕ್ಲೀನಿಂಗ್) ಮತ್ತು ಮನೆಯ ಶುಚಿ ಸಾಕು. ಪಾಕೆಟ್‌ಗಳಿದ್ದರೆ ವಸಡಿನ ಅಡಿಯಲ್ಲಿ ಬೇರಿನ ಮೇಲಿನ ಕಿಟ್ಟ ತೆಗೆಯಬೇಕು. ಜನ ಡೀಪ್ ಕ್ಲೀನಿಂಗ್ ಎನ್ನುವುದು ಇದಕ್ಕೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಂದೋ ಹೆಚ್ಚೋ ಭೇಟಿಗಳಲ್ಲಿ ಮಾಡುತ್ತಾರೆ. ಸುಮಾರು 3 ತಿಂಗಳ ನಂತರ ಮತ್ತೆ ಅಳೆಯಬೇಕು. ಈ ಮರು ಅಳತೆಗೆ ಜನ ಹೋಗುವುದೇ ಇಲ್ಲ. ನನ್ನ ಪ್ರಕಾರ ಇಡೀ ಚಿಕಿತ್ಸೆಯಲ್ಲಿ ತಪ್ಪಿಸಬಾರದ ಭೇಟಿ ಇದೇ, ಏಕೆಂದರೆ ಕೆಲಸ ಆಯಿತೋ ಇಲ್ಲವೋ ಗೊತ್ತಾಗುವುದು ಆಗಲೇ. 6 ಮಿಲಿಮೀಟರ್ ಅಥವಾ ಹೆಚ್ಚು ಆಳ ಉಳಿದಿದ್ದರೆ ವಸಡನ್ನು ಬಿಡಿಸಿ ಒಳಗೆ ಕಣ್ಣಾರೆ ನೋಡಿ ಸ್ವಚ್ಛ ಮಾಡುವ ಫ್ಲ್ಯಾಪ್ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಮೂಳೆಯಲ್ಲಿ ಬಿದ್ದ ಗುಂಡಿಯ ಆಕಾರ ಹೊಂದಿದರೆ ಸ್ವಲ್ಪ ಮೂಳೆ ಮತ್ತೆ ಬೆಳೆಸಲೂ ಆಗುತ್ತದೆ. ಎಲ್ಲರಿಗೂ ಅಲ್ಲ.

ಆಂಟಿಬಯಾಟಿಕ್ ನುಂಗಿದರೆ ಆಗಲ್ವಾ? ಬರೀ ಅದರಿಂದ ಆಗುವುದಿಲ್ಲ. ಬಚ್ಚಲು ಕಲ್ಲಿನ ಪಾಚಿಗೆ ಎಷ್ಟು ನೀರು ಹುಯ್ದರೂ ಹೋಗುವುದಿಲ್ಲ, ಉಜ್ಜಲೇಬೇಕು. ಪ್ಲಾಕ್ ಪದರದೊಳಗಿನ ಬ್ಯಾಕ್ಟೀರಿಯಾಗಳಿಗೂ ಔಷಧಿ ಸರಿಯಾಗಿ ತಟ್ಟುವುದಿಲ್ಲ. ಜ್ವರ, ಹರಡುವ ಊತ, ಕೆಲವು ತೀವ್ರ ಪ್ರಕರಣಗಳು, ಇವುಗಳಲ್ಲಿ ಮಾತ್ರ ವೈದ್ಯರು ಸೇರಿಸುತ್ತಾರೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೆಲಸ ಮಾಡುತ್ತದೆ. ಆದರೆ ವಾರಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ರುಚಿ ಕೆಡುತ್ತದೆ. ಪೇಸ್ಟ್ ಬಳಸಿದ ಕೂಡಲೇ ಇದರಿಂದ ಮುಕ್ಕಳಿಸಿದರೆ ಮೌತ್‌ವಾಶ್‌ನ ಬಲ ಕುಗ್ಗುತ್ತದೆ, ಅರ್ಧ ಗಂಟೆ ಬಿಡಿ. ಕಿಟ್ಟ ಕೆರೆಯುವ ಲೋಹದ ಕೊಕ್ಕೆಗಳನ್ನು ತರಿಸಿ ಮನೆಯಲ್ಲೇ ಪ್ರಯತ್ನಿಸಬೇಡಿ. ಮೇಲಿನದು ಹೋಗಬಹುದು, ಅಡಿಯದು ಉಳಿಯುತ್ತದೆ, ವಸಡು ಹರಿಯುತ್ತದೆ.

ಚಿಕಿತ್ಸೆ ಆದ ಮೇಲೆ ಬರುವ ದೂರುಗಳು

"ಕ್ಲೀನಿಂಗ್ ಮಾಡಿಸಿದ ಮೇಲೆ ಹಲ್ಲು ಸಡಿಲ ಆಯ್ತು, ಸಂದು ಬಂತು." ಸಂದು ಮೊದಲೇ ಇತ್ತು, ಕಿಟ್ಟ ತುಂಬಿ ಮುಚ್ಚಿತ್ತು. ಹಲ್ಲುಗಳನ್ನು ಒಂದಕ್ಕೊಂದು ಕಟ್ಟಿಹಾಕಿದ್ದ ಕಿಟ್ಟವೇ ಹೋದಾಗ ನಿಜವಾದ ಸ್ಥಿತಿ ಕಾಣುತ್ತದೆ. ಊದಿದ ವಸಡು ಇಳಿದಾಗ ಹಲ್ಲು ಉದ್ದವೂ ಕಾಣುತ್ತದೆ. ಇದು ವಾಸಿಯಾಗುವುದರ ಭಾಗ.

"ತಣ್ಣೀರು ಕುಡಿಯಲು ಆಗ್ತಿಲ್ಲ." ಬೇರು ಹೊರಬಿದ್ದಿದೆ. ಜುಂ ಅನ್ನುವುದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಸೆನ್ಸಿಟಿವಿಟಿ ಪೇಸ್ಟ್ ನೆರವಾಗುತ್ತದೆ. ಇಳಿಯುವ ಬದಲು ಏರುತ್ತಿದ್ದರೆ ತೋರಿಸಿ.

"ಎಲ್ಲ ಮಾಡಿದರೂ ಪಾಕೆಟ್ ಕಡಿಮೆ ಆಗಿಲ್ಲ." ಇಲ್ಲಿ ಕ್ರಮವಾಗಿ ಹೋಗಿ. ಹಲ್ಲುಗಳ ನಡುವೆ ದಿನಾ ಸ್ವಚ್ಛ ಮಾಡುತ್ತಿದ್ದೀರಾ? ತಂಬಾಕು ನಿಂತಿದೆಯೇ? ಸಕ್ಕರೆ ಹಿಡಿತದಲ್ಲಿದೆಯೇ? ಸಕ್ಕರೆ ಕಾಯಿಲೆಗೂ ವಸಡಿಗೂ ಎರಡೂ ದಿಕ್ಕಿನ ನಂಟಿದೆ. ವಸಡಿನ ಚಿಕಿತ್ಸೆಯಿಂದ 3, 4 ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುವುದು ಕಂಡುಬಂದಿದೆ. ಮೂರಕ್ಕೂ ಉತ್ತರ ಸರಿಯಿದ್ದರೆ, ಉಳಿದಿರುವುದು ಜಾಗದ ಸಮಸ್ಯೆ. ದವಡೆ ಹಲ್ಲಿನ ಬೇರುಗಳು ಕವಲೊಡೆಯುವ ಕಡೆ ಉಪಕರಣ ತಲುಪುವುದು ಕಷ್ಟ. ಬೇರು ಸೀಳಿದ್ದರೆ ಒಂದೇ ಕಡೆ ಕಿರಿದಾದ ಆಳದ ಪಾಕೆಟ್ ಸಿಗುತ್ತದೆ. ಅಂಥದ್ದನ್ನು ವಸಡು ತಜ್ಞರು ನೋಡಬೇಕು.

ಪೆರಿಯೋಡಾಂಟೈಟಿಸ್ ಆಗಿದ್ದವರಿಗೆ ಶುರುವಿನಲ್ಲಿ 3, 4 ತಿಂಗಳಿಗೊಮ್ಮೆ ಕ್ಲೀನಿಂಗ್ ಮತ್ತು ಅಳತೆ ಇಡುತ್ತಾರೆ. ಅಂಕಿಗಳು ಸ್ಥಿರವಾದರೆ ಅಂತರ ಹೆಚ್ಚಿಸುತ್ತಾರೆ. ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಹಾಕಿಸಿಕೊಂಡಿದ್ದರೆ ಅದರ ಸುತ್ತಲೂ ಇದೇ ರೀತಿ ಮೂಳೆ ಕರಗಬಹುದು, ಹಾಗಾಗಿ ಅದನ್ನೂ ಅಳೆಯಲು ಹೇಳಿ. ಒಂದು ಜಾಗ ಮತ್ತೆ 5, 6ಕ್ಕೆ ಹೋಗಿ ರಕ್ತ ಬಂದರೆ ಇಡೀ ಬಾಯಿಗೆ ಹೊಸದಾಗಿ ಚಿಕಿತ್ಸೆ ಶುರು ಮಾಡಬೇಕಿಲ್ಲ. ಹೆಚ್ಚಿನ ಸಲ ಆ ಜಾಗವನ್ನಷ್ಟೇ ಮತ್ತೆ ಸ್ವಚ್ಛ ಮಾಡಿ, 3 ತಿಂಗಳಿಗೆ ಮತ್ತೆ ಅಳೆಯುತ್ತಾರೆ.